ಸೂತ್ರ ಕಟ್ಟಿದವಳು

ನಿಂಗಕ್ಕನ ಬಾಯಲ್ಲಿ ಯಾವಾಗಲೂ ಒಂದು ದಬ್ಬಳ ಇರುತ್ತಿತ್ತು. ಗೋಣಿಚೀಲ, ಟಾರ್ಪಾಲು ಹೊಲಿಯುವ ಆ ದಪ್ಪ ಸೂಜಿಯನ್ನು ಹಲ್ಲಿನಲ್ಲಿ ಅಡ್ಡಲಾಗಿ ಕಚ್ಚಿಕೊಂಡೇ ಅವಳು ಗಿರಾಕಿಗಳ ಜೊತೆ ಮಾತಾಡುತ್ತಿದ್ದಳು, ಬಯ್ಯುತ್ತಿದ್ದಳು, ನಗುತ್ತಿದ್ದಳು. ಮಾತು ಹಲ್ಲಿನ ಸಂದಿಯಿಂದ ಅರ್ಧಂಬರ್ಧ ಹೊರಗೆ ಬರುತ್ತಿತ್ತು. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ತೆಂಗಿನಕಾಯಿ, ಆಲೂಗೆಡ್ಡೆ ತುಂಬಿಕೊಂಡು ನಿಲ್ಲುವ ಲಾರಿಗಳ ಡ್ರೈವರುಗಳಿಗೆಲ್ಲ ಆ ಭಾಷೆ ಚೆನ್ನಾಗಿ ತಿಳಿಯುತ್ತಿತ್ತು. ಆದರೆ ಅವಳು ದಬ್ಬಳವನ್ನು ಬಾಯಿಂದ ತೆಗೆದು ಸೆರಗಿಗೆ ಚುಚ್ಚಿಕೊಂಡಳೆಂದರೆ ಯಾರೂ ಉಸಿರೆತ್ತುತ್ತಿರಲಿಲ್ಲ. ಮುಖ್ಯವಾದ ಮಾತು ಬರುತ್ತಿದೆ ಎಂದು ಅದರ ಅರ್ಥ.

ಅವಳ ಬಗ್ಗೆ ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ತಪ್ಪು ತಿಳಿಯಬಾರದು. ಒಂದು ಸಲ ನಾನು ನನ್ನ ವಿದ್ಯಾರ್ಥಿಗಳೆದುರು "ನಿಂಗಮ್ಮನವರು ಬಂದಿದ್ದಾರೆ" ಎಂದಿದ್ದಕ್ಕೆ ಅವಳು ಹಿಂದಕ್ಕೆ ತಿರುಗಿ ನೋಡಿ, "ಯಾರವ್ವ ಅದು, ಎಲ್ಲವ್ರೆ?" ಎಂದು ಕೇಳಿದ್ದಳು. ಅಂದಿನಿಂದ ಬಹುವಚನ ಬಿಟ್ಟೆ.

ಅವಳು ಹಳೇಕೋಟೆಯ ಹೆಣ್ಣು. ಟಾರ್ಪಾಲು ಹೊಲಿಯುವವನನ್ನು ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದವಳು. ಗಂಡನಿಗೆ ಸೊಂಟ ಹಿಡಿದು ಕೂರಲಾಗದೆ ಹೋದಾಗ ದಬ್ಬಳವನ್ನು ತಾನು ಎತ್ತಿಕೊಂಡಳು. ನಾನು ಹೈಸ್ಕೂಲಿಗೆ ಹೋಗುತ್ತಿದ್ದ ತೊಂಬತ್ತರ ದಶಕದ ಆರಂಭದಲ್ಲಿ ಆಗಲೇ ಅವಳನ್ನು ಊರೆಲ್ಲ 'ಟಾರ್ಪಾಲು ನಿಂಗಮ್ಮ' ಎನ್ನುತ್ತಿತ್ತು. ನಮ್ಮ ಮನೆ ಇದ್ದದ್ದು ದೇವಸ್ಥಾನದ ಬೀದಿಯಲ್ಲಿ. ಅಲ್ಲಿನ ಹೆಂಗಸರು ಅವಳ ಗಂಟಲು ಕೇಳಿಸಿದರೇ ಮೂಗು ಮುರಿಯುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಛತ್ರಿ ರಿಪೇರಿಗೆ ಮಾತ್ರ ಎಲ್ಲರಿಗೂ ಅವಳೇ ಬೇಕಾಗಿತ್ತು.

ಆಗ ಊರೂರಿನಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿಗಳು ನಡೆಯುತ್ತಿದ್ದವು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ನಮ್ಮಪ್ಪ ಸಂಜೆ ಹೊತ್ತು ಶಾಲೆಯ ಜಗಲಿಯಲ್ಲಿ ಪಾಠ ಮಾಡುತ್ತಿದ್ದರು. ನಿಂಗಕ್ಕ ಬಂದದ್ದು ಕಲಿಯುವ ಆಸೆಯಿಂದಲ್ಲ, ಜಗಲಿಯಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆಂದು. ಹದಿನೈದು ದಿನಕ್ಕೆ ತನ್ನ ಹೆಸರು ಬರೆಯುವುದನ್ನು ಕಲಿತಳು. ಕಲಿತದ್ದು 'ನಿಗಮ್ಮ' ಎಂದು.

"ಸೊನ್ನೆ ಎಲ್ಲಮ್ಮ?" ಎಂದು ಅಪ್ಪ ಕೇಳಿದರು.

"ಸೊನ್ನೆ ಅಂದ್ರೇನ್ ಸಾ?"

"ಸೊನ್ನೆ ಅಂದ್ರೆ ಸೊನ್ನೆ. ಏನೂ ಇಲ್ಲ ಅಂತ."

"ಏನೂ ಇಲ್ಲ ಅಂದ್ಮೇಲೆ ಯಾಕ್ ಸಾ ಬರೀಬೇಕು?"

ಜಗಲಿಯೆಲ್ಲ ನಕ್ಕಿತು. ಅಪ್ಪನೂ ನಕ್ಕರು. ನಕ್ಕಾದ ಮೇಲೆ ಮೇಷ್ಟ್ರ ಗತ್ತಿನಲ್ಲಿ, "ಬರೀದೇ ಇದ್ರೆ ನೀನು ನಿಂಗಮ್ಮ ಅಲ್ಲ, ನಿಗಮ್ಮ ಆಗ್ತೀಯ" ಎಂದರು. ಅವಳು ದಬ್ಬಳ ಕಚ್ಚಿಕೊಂಡೇ, "ಆಯ್ತೀನಿ ಬುಡಿ ಸಾ. ನನ್ನೆಸ್ರ ಯಾರ್ ಓದ್ಬೇಕಾಗದೆ?" ಎಂದಳು. ನಾನು ಕಂಬಕ್ಕೊರಗಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಎಲ್ಲರ ಜೊತೆ ನಾನೂ ನಕ್ಕಿದ್ದೆ. ಆ ಮಾತಿನಲ್ಲಿ ನಗುವಂಥದ್ದು ಏನೂ ಇರಲಿಲ್ಲವೆಂದು ಗೊತ್ತಾಗಲು ನನಗೆ ಇನ್ನೂ ಹದಿನೈದು ವರ್ಷ ಬೇಕಾಯಿತು.

ಆಷಾಢ ಬಂತೆಂದರೆ ನಿಂಗಕ್ಕನ ಅಂಗಡಿಯ ಕಳೆಯೇ ಬೇರೆ. ಟಾರ್ಪಾಲನ್ನೆಲ್ಲ ಮೂಲೆಗೆ ಒತ್ತರಿಸಿ ಗಾಳಿಪಟ ಮಾಡಲು ಕೂರುತ್ತಿದ್ದಳು. ಬಿದಿರು ಕಡ್ಡಿ ಸೀಳುವುದು, ಮೈದಾ ಅಂಟು ಕಾಯಿಸುವುದು, ಹಳೇ ಸೀರೆ ಹರಿದು ಬಾಲಂಗೋಚಿ ಕಟ್ಟುವುದು, ಇದೆಲ್ಲ ಯಾರು ಬೇಕಾದರೂ ಮಾಡುತ್ತಾರೆ. ಅವಳ ಹೆಚ್ಚುಗಾರಿಕೆ ಇದ್ದದ್ದು ಸೂತ್ರದಲ್ಲಿ. ಗಾಳಿಪಟದ ಎದೆಗೆ ಮೂರು ಕಡೆ ದಾರ ಕಟ್ಟಿ, ಮೂರನ್ನೂ ಒಂದು ಕಡೆ ಸೇರಿಸಿ ಗಂಟು ಹಾಕುತ್ತಾರಲ್ಲ, ಅದಕ್ಕೆ ಸೂತ್ರ ಎನ್ನುತ್ತಾರೆ. ನಾವು ಹಿಡಿಯುವ ನೂಲು ಶುರುವಾಗುವುದು ಅಲ್ಲಿಂದಾಚೆ. ಗಂಟು ಒಂದು ಬೆರಳು ಆಚೀಚೆಯಾದರೆ ಪಟ ಮೇಲೇಳುವುದಿಲ್ಲ, ಎದ್ದರೂ ಲಾಗ ಹಾಕಿ ನೆಲಕ್ಕೆ ಬಡಿಯುತ್ತದೆ. ನಿಂಗಕ್ಕ ತಲೆಯಿಂದ ಒಂದು ಕೂದಲು ಕಿತ್ತು, ಎರಡು ಬೆರಳಲ್ಲಿ ಹಿಡಿದು ಅದು ಹಾರುವುದನ್ನು ನೋಡಿ ಆ ದಿನದ ಗಾಳಿಗೆ ತಕ್ಕಂತೆ ಗಂಟು ಹಾಕುತ್ತಿದ್ದಳು. ಅವಳ ಪಟ ಲಾಗ ಹಾಕಿದ್ದನ್ನು ನಾನು ನೋಡಿಲ್ಲ.

ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ, ಅಮ್ಮನ ಛತ್ರಿ ತರಲು ಹೋದವಳು ಅವಳು ಸೂತ್ರ ಕಟ್ಟುವುದನ್ನೇ ನೋಡುತ್ತ ನಿಂತುಬಿಟ್ಟೆ. ಕಟ್ಟಿ ಮುಗಿಸಿ ಪಟವನ್ನು ನನ್ನ ಕೈಗಿಟ್ಟು, "ನಡಿ ಗಿರ್ಜವ್ವ, ಹೊಳೆ ದಡಕ್ಕೆ" ಎಂದಳು. ದೇವಸ್ಥಾನದ ಬೀದಿಯ ಮೇಷ್ಟ್ರ ಮಗಳು, ಉದ್ದಲಂಗ ಹಾಕಿದವಳು, ಹೇಮಾವತಿ ದಡದಲ್ಲಿ ಗಂಡುಹುಡುಗರ ನಡುವೆ ನಿಂತು ಪಟ ಬಿಡುವುದೇ? ನಾನು ಹಿಂದೆ ಮುಂದೆ ನೋಡಿದೆ. ಆಗ ಅವಳು ದಬ್ಬಳವನ್ನು ಬಾಯಿಂದ ತೆಗೆದಳು.

"ನಮ್ಮೂರಲ್ಲಿ ಪಟ ಬುಡೋ ಪಂದ್ಯ ಆಯ್ತಿತ್ತು ಕಣವ್ವ. ಪಟ ಮಾಡೋಳು ನಾನು, ಸೂತ್ರ ಕಟ್ಟೋಳು ನಾನು. ಎಣ್ಮಕ್ಳು ನೂಲು ಇಡಿಯಂಗಿಲ್ಲ ಅಂತ ನಮ್ಮಣ್ಣನ ಕೈಗೆ ಕೊಡೋರು. ಅವ್ನಿಗೆ ಚಡ್ಡಿ ಲಾಡಿ ಕಟ್ಕಳಕೂ ಬತ್ತಿರ್ಲಿಲ್ಲ. ಮೂರು ವರ್ಸ ಗೆದ್ದ. ಸಾಯೋಗಂಟ ಊರೆಲ್ಲ ಅವುನ್ನ ಪಟದ್ ಕೆಂಪಣ್ಣ ಅಂತು. ನಂಗೇನಂದ್ರು ಗೊತ್ತಾ?"

"ಏನಂದ್ರು?"

"ಏನೂ ಅನ್ನಲಿಲ್ಲ. ಕೆಂಪಣ್ಣನ ತಂಗಿ ಅಂದ್ರು."

ನಾನು ನೂಲು ಹಿಡಿದೆ. ಪಟ ಹೊಳೆ ದಾಟಿ, ಆಚೆ ದಡದ ತೆಂಗಿನ ತೋಟ ದಾಟಿ, ಬೊಟ್ಟಿನಷ್ಟಾಗುವವರೆಗೆ ಹೋಯಿತು. ಮನೆಗೆ ಹೋದ ಮೇಲೆ ಅಮ್ಮ ಬೈದದ್ದು ಪೂರ್ತಿ ನೆನಪಿಲ್ಲ. ಕೈಯಲ್ಲಿ ನೂಲು ಮಿಡಿಯುತ್ತಿದ್ದದ್ದು ಮಾತ್ರ ಈಗಲೂ ನೆನಪಿದೆ. ಮುಂದೆ ನಾನು ಇಂಜಿನಿಯರಿಂಗ್ ಓದಿ, ಹಾಸನದ ಒಂದು ಕಾಲೇಜಿನಲ್ಲಿ ಪಾಠ ಹೇಳುವವಳಾಗಿ, ಗಾಳಿಯ ವಿಷಯವನ್ನೇ ಹಿಡಿದು ಕೂತದ್ದಕ್ಕೆ ಬೇರೆ ಕಾರಣ ಹುಡುಕುವುದು ಬೇಡ.

ಎರಡು ಸಾವಿರದ ದಶಕದ ನಡುವಿನಲ್ಲಿ ಆ ದೋಣಿಯ ಹುಚ್ಚು ನನಗೆ ಹತ್ತಿತು. ಮನುಷ್ಯರಿಲ್ಲದೆ ಸಮುದ್ರ ದಾಟುವ ಪುಟ್ಟ ಹಾಯಿದೋಣಿ. ಐದಡಿ ಉದ್ದದ ಫೈಬರ್ ಮೈ, ಬೆನ್ನ ಮೇಲೆ ಸೋಲಾರ್ ಹಲಗೆ, ಹೊಟ್ಟೆಯೊಳಗೆ ಒಂದು ಪೆಟ್ಟಿಗೆ. ಆ ಪೆಟ್ಟಿಗೆ ಉಪಗ್ರಹಗಳಿಂದ ತಾನೆಲ್ಲಿದ್ದೇನೆಂದು ತಿಳಿದುಕೊಂಡು, ಎರಡು ಸಣ್ಣ ಮೋಟಾರುಗಳಿಂದ ಹಾಯಿಯನ್ನೂ ಚುಕ್ಕಾಣಿಯನ್ನೂ ತಾನೇ ತಿರುಗಿಸಿಕೊಳ್ಳಬೇಕು. ಡೀಸೆಲ್ ಇಲ್ಲ, ಹುಟ್ಟು ಹಾಕುವವರಿಲ್ಲ. ಇಂಥದ್ದು ಒಂದಿದ್ದರೆ ಸಮುದ್ರದ ಬಿಸಿ, ಉಪ್ಪು ಅಳೆಯುತ್ತ ತಿಂಗಳುಗಟ್ಟಲೆ ಓಡಾಡಿಕೊಂಡಿರುತ್ತದೆ. ಮಂಗಳೂರಿನಿಂದ ಹೊರಟು ಲಕ್ಷದ್ವೀಪದ ಒಂದು ದ್ವೀಪ ಮುಟ್ಟಿಸುವುದು ನಮ್ಮ ಗುರಿ. ನಡುವೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಬರೀ ನೀರು.

ನಮ್ಮ ವಿಭಾಗದ ಮುಖ್ಯಸ್ಥರು ಒಳ್ಳೆಯವರು, ಆದರೆ ನಗದೆ ನಗಿಸುವವರು. "ಗಿರಿಜಾ ಅವರೇ, ಇದು ಹಾಸನ. ಸಮುದ್ರ ಯಾವ ಕಡೆ ಬರುತ್ತೆ?" ಎಂದು ಕೇಳಿದರು. ಆದರೂ ಒಪ್ಪಿಕೊಂಡರು. ಒಂದೇ ಷರತ್ತು: ಗೊರೂರಿನ ಹಿನ್ನೀರಿನಲ್ಲಿ ದೋಣಿ ತಾನೇ ತಾನಾಗಿ ಹೋಗಿ ಬರುವುದನ್ನು ಅವರು ಕಣ್ಣಾರೆ ನೋಡಬೇಕು. ಆಗದಿದ್ದರೆ ಅಲ್ಲಿಗೆ ಬಂದ್.

ಹಾಯಿ ಹೊಲಿಯಲು ಯಾರನ್ನು ಕೇಳಬೇಕೆಂದು ನಾನು ಯೋಚಿಸಲೇ ಇಲ್ಲ. ನೇರವಾಗಿ ಹೊಳೆನರಸೀಪುರದ ಬಸ್ಸು ಹತ್ತಿದೆ. ನಿಂಗಕ್ಕನಿಗೆ ಆಗ ಅರವತ್ತು ದಾಟಿತ್ತು. ನಾನು ಚಿತ್ರ ಬರೆದು ತೋರಿಸಿದ್ದನ್ನು ತಲೆಕೆಳಗೆ ಹಿಡಿದುಕೊಂಡು ನೋಡಿದಳು.

"ಇದ್ರಾಗೆ ಯಾರು ಕೂತ್ಕತಾರೆ?"

"ಯಾರೂ ಇಲ್ಲ."

"ಅಂಗಾದ್ರೆ ದಡದಾಗೆ ನಿಂತ್ಕಂಡು ನೂಲು ಇಡ್ಕತಾರಾ?"

"ಇಲ್ಲ ನಿಂಗಕ್ಕ. ಅದರ ಪಾಡಿಗೆ ಅದೇ ಹೋಗತ್ತೆ."

ದಬ್ಬಳ ಬಾಯಿಂದ ಈಚೆಗೆ ಬಂತು. "ನೂಲು ಇಡಿಯೋರೇ ಇಲ್ವಾ? ಬರೀ ಸೂತ್ರದ್ ಮ್ಯಾಲೇ ಓಯ್ತದಾ?" ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಛತ್ರಿಯ ಕಪ್ಪು ಬಟ್ಟೆಯನ್ನು ಎರಡು ಪದರ ಮಾಡಿ, ಮೇಣ ಹಚ್ಚಿದ ದಾರದಲ್ಲಿ ಕೈಯಿಂದಲೇ ಹೊಲಿದಳು. ಮೇಲೊಂದು ಬಿದಿರು, ಕೆಳಗೊಂದು ಬಿದಿರು. ಕೂಲಿ ಎಷ್ಟೆಂದರೆ ತಲೆಯಾಡಿಸಿ, "ಅದ್ರ ಮ್ಯಾಲೆ ನನ್ನೆಸ್ರು ಬರೀರಿ" ಎಂದಳು. ನಾನು ಆಗಲೇ ಬಣ್ಣದ ಪೆನ್ನು ತೆಗೆದೆ. ಕೈ ಹಿಡಿದು ತಡೆದಳು.

"ಈಗ್ಲೇ ಬ್ಯಾಡ ಕಣವ್ವ. ಮುಳುಗೋದ್ರೆ ನನ್ನೆಸ್ರೂ ಮುಳುಗೋಯ್ತದೆ. ತಲುಪ್ಲಿ. ಆಮ್ಯಾಕೆ ನಾನೇ ಒಲೀತೀನಿ."

ಗೊರೂರಿನ ಹಿನ್ನೀರಿಗೆ ಅರಕಲಗೂಡು ಕಡೆಯ ದಡದಿಂದ ದೋಣಿ ಬಿಟ್ಟೆವು. ನಾವೆಂದರೆ ನಾನು, ಐವರು ವಿದ್ಯಾರ್ಥಿಗಳು, ಒಂದು ಬಾಡಿಗೆ ಜೀಪು. ಪೆಟ್ಟಿಗೆಯೊಳಗಿನ ಪ್ರೋಗ್ರಾಮೆಲ್ಲ ಬರೆದವಳು ದಂಡಿಗನಹಳ್ಳಿಯ ಶೈಲಜಾ. ಪಿಯುಸಿವರೆಗೆ ಕನ್ನಡದಲ್ಲೇ ಓದಿದ, ಮಾತು ಕಮ್ಮಿ, ಹಟ ಜಾಸ್ತಿಯ ಹುಡುಗಿ. ದೋಣಿ ನೂರು ಗಜ ನೇರ ಹೋಯಿತು. ಆಮೇಲೆ ಗಾಳಿಗೆ ಮೂತಿ ತಿರುಗಿಸಿತು. ಮೋಟಾರು ಅದನ್ನು ಎಳೆದು ದಾರಿಗೆ ತಂದಿತು. ಮತ್ತೆ ತಿರುಗಿತು, ಮತ್ತೆ ಎಳೆಯಿತು. ಹಟ ಹಿಡಿದ ಕರುವನ್ನು ಎಳೆದಾಡಿದ ಹಾಗೆ ಒಂದು ಗಂಟೆ ನಡೆದು ಬ್ಯಾಟರಿ ಖಾಲಿಯಾಯಿತು. ತೆಪ್ಪದವರನ್ನು ಕರೆದು ತರಿಸಬೇಕಾಯಿತು. ಮಾರನೆಯ ಭಾನುವಾರವೂ ಅದೇ ಕಥೆ.

ಮೂರನೆಯ ಸಲ ನಿಂಗಕ್ಕನನ್ನೂ ಕರೆದುಕೊಂಡು ಹೋದೆವು. ಅವಳು ದಡದ ಬಂಡೆ ಮೇಲೆ ಕೂತು, ದಬ್ಬಳ ಕಚ್ಚಿಕೊಂಡು, ಹಾಯಿಯ ಬದಲಿ ತುಂಡೊಂದನ್ನು ಅಂಚು ಕಟ್ಟುತ್ತ ನೋಡುತ್ತಿದ್ದಳು. ದೋಣಿ ಮೂತಿ ತಿರುಗಿಸಿದ ಕೂಡಲೆ ಹಲ್ಲಿನ ಸಂದಿಯಿಂದ ಹೇಳಿದಳು:

"ಸೂತ್ರ ಸರಿ ಇಲ್ಲ."

ಶೈಲಜಾ ನನ್ನ ಮುಖ ನೋಡಿದಳು, ನಾನು ಶೈಲಜಾ ಮುಖ ನೋಡಿದೆ. ಆ ಹೊತ್ತಿಗೆ ಹುಡುಗರಿಗೆಲ್ಲ ನಿಂಗಕ್ಕನ ಮೇಲೆ ದೈವದ ಮೇಲಿದ್ದಷ್ಟು ನಂಬಿಕೆ. ಗಾಳಿ ಯಾವಾಗ ಬೀಳುತ್ತದೆ, ಯಾವ ಹೊಲಿಗೆ ಬಿಡುತ್ತದೆ, ಅಂದು ಬೆಳಿಗ್ಗೆಯಿಂದ ಎಲ್ಲ ಮುಂಚೆಯೇ ಹೇಳಿದ್ದಳು. ಸೂತ್ರ ತಪ್ಪಿದೆ ಎಂದ ಮೇಲೆ ತಪ್ಪಿಯೇ ಇರಬೇಕು! ನಾವು ಹಾಸನಕ್ಕೆ ಹೋಗಿ ಕಪ್ಪು ಹಲಗೆ ತುಂಬ ಸೂತ್ರಗಳನ್ನು ಬರೆದು ಕೂತೆವು. ಗಾಳಿಯ ವೇಗ, ಹಾಯಿಯ ಕೋನ, ಚುಕ್ಕಾಣಿಯ ಕೋನ. ಎಂಟು ದಿನ ತಲೆ ಕೆಡಿಸಿಕೊಂಡೆವು. ಒಂಬತ್ತನೆಯ ದಿನ ಶೈಲಜಾ ಒಂದು ಕಡೆ ಪ್ಲಸ್ ಇರಬೇಕಾದಲ್ಲಿ ಮೈನಸ್ ಇದ್ದದ್ದನ್ನು ಹಿಡಿದಳು. "ಮೇಡಂ, ನಿಂಗಮ್ಮ ಹೇಳಿದ್ದು ಸರಿ!" ಎಂದು ಕುಣಿದಾಡಿದಳು. ನನಗೂ ರೋಮಾಂಚನ. ಅಕ್ಷರ ಬಾರದ ಹೆಂಗಸು ದಡದಲ್ಲಿ ಕೂತು ನಮ್ಮ ಲೆಕ್ಕದ ತಪ್ಪು ಕಂಡುಹಿಡಿದಳೆಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಬಂದೆ.

ಮುಂದಿನ ಭಾನುವಾರ ದೋಣಿ ನೂರು ಗಜ ನೇರ ಹೋಗಿ ಗಾಳಿಗೆ ಮೂತಿ ತಿರುಗಿಸಿತು.

ನಿಂಗಕ್ಕ ಹೊಲಿಗೆ ಕೆಳಗಿಟ್ಟಳು. "ಓದ್ಸಲಾನೇ ಏಳ್ಲಿಲ್ವಾ, ಸೂತ್ರ ಸರಿ ಇಲ್ಲ ಅಂತ?"

"ಸರಿಮಾಡಿದ್ವಲ್ಲ ನಿಂಗಮ್ಮಾ," ಎಂದಳು ಶೈಲಜಾ ಅಳುಮೋರೆ ಮಾಡಿಕೊಂಡು. "ಮೈನಸ್ ಇತ್ತು, ಪ್ಲಸ್ ಮಾಡಿದೆ."

"ಎಲ್ ಮಾಡ್ದೆ?"

"ಕಂಪ್ಯೂಟರಲ್ಲಿ."

ದಬ್ಬಳ ಬಾಯಿಂದ ಈಚೆಗೆ ಬಂತು. "ಸೂತ್ರ ಕಂಪ್ಯೂಟರ್ನಾಗೆ ಎಲ್ಲದೆ ಮಗಾ? ಪಟದಾಗೆ ಅದೆ!"

ಆ ಕ್ಷಣ ನನಗಾದ ನಾಚಿಕೆಯನ್ನು ಹೇಗೆ ಹೇಳಲಿ? ಶೈಲಜಾಳನ್ನು ಬಿಡಿ, ಚಿಕ್ಕ ಹುಡುಗಿ. ನಾನು ಆ ಮಾತನ್ನು ಆ ಬಾಯಿಂದಲೇ ಕಲಿತವಳು. ನಾಲ್ಕು ವರ್ಷ ಪಾಠ ಹೇಳಿದ ನನ್ನ ಕಿವಿಗೆ ಸೂತ್ರವೆಂದರೆ ಸೀಮೆಸುಣ್ಣದಲ್ಲಿ ಬರೆಯುವುದು ಮಾತ್ರ ಎಂದಾಗಿಹೋಗಿತ್ತು. ಅವಳು ಹೇಳಿದ್ದು ಹಾಯಿಯ ಬಿದಿರುಗಳನ್ನು ಕಂಬಕ್ಕೆ ತೂಗುಹಾಕಿದ್ದ ದಾರದ ಗಂಟಿನ ವಿಷಯ. ನಾನು ಮೊದಲು ತಲೆ ಮೇಲೆ ಕೈ ಹೊತ್ತುಕೊಂಡು ಕೂತೆ. ಆಮೇಲೆ ನಗಲು ಶುರುಮಾಡಿದೆ. ಹುಡುಗರೂ ನಕ್ಕರು, ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಏನು ತಮಾಷೆಯೆಂದು ತಿಳಿಯದಿದ್ದರೂ ನಿಂಗಕ್ಕ ನಮಗಿಂತ ಜೋರಾಗಿ ನಕ್ಕಳು.

ತೆಪ್ಪದವರು ದೋಣಿಯನ್ನು ದಡಕ್ಕೆ ತಂದ ಮೇಲೆ ಅವಳು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನೀರಿಗಿಳಿದಳು. ತಲೆಯಿಂದ ಒಂದು ಬಿಳಿ ಕೂದಲು ಕಿತ್ತು ಹಿಡಿದು ನೋಡಿದಳು. ಗಂಟು ಬಿಚ್ಚಿ ಎರಡು ಬೆರಳು ಹಿಂದಕ್ಕೆ ಸರಿಸಿ ಮತ್ತೆ ಕಟ್ಟಿದಳು, ಹಾಯಿಯ ಒಂದು ಪಾಲು ಕಂಬದಿಂದ ಮುಂದಕ್ಕೆ ಚಾಚುವ ಹಾಗೆ. ಕೆಳಗಿನ ಬಿದಿರಿಗೆ ಮೂರು ಕಡೆ ದಾರ ಕೊಟ್ಟು ಒಂದೆಡೆ ಸೇರಿಸಿದಳು, ಗಾಳಿಪಟಕ್ಕೆ ಕಟ್ಟುವ ಹಾಗೆಯೇ. "ಈಗ ಆ ಪೆಟ್ಗೆ ಬಾಯಿ ಮುಚ್ಸಿ, ನೋಡಾನ" ಎಂದಳು. ಶೈಲಜಾ ಕಂಪ್ಯೂಟರನ್ನು ಆಫ್ ಮಾಡಿದಳು. ಚುಕ್ಕಾಣಿ ನೆಟ್ಟಗೆ ನಿಂತಿತು. ದೋಣಿಗೆ ಈಗ ಮಿದುಳೇ ಇಲ್ಲ. ಅದು ಒಂದು ಸಲ ಮೈ ಓರೆ ಮಾಡಿ, ಹಿನ್ನೀರಿನ ಮೇಲೆ ಗೆರೆ ಎಳೆದ ಹಾಗೆ ಹೋಯಿತು. ಎಷ್ಟು ನೇರ ಹೋಯಿತೆಂದರೆ ತೆಪ್ಪದವರು ಅದನ್ನು ಹಿಡಿಯಲು ಹುಟ್ಟು ಹಾಕಿ ಹಾಕಿ ಸುಸ್ತಾದರು.

ಮುಖ್ಯಸ್ಥರು ಬಂದು ನೋಡಿದ ದಿನ ದೋಣಿ ಹಿನ್ನೀರನ್ನು ದಾಟಿ, ತಿರುಗಿ, ಬಿಟ್ಟ ಜಾಗಕ್ಕೇ ವಾಪಸು ಬಂತು. ಪೆಟ್ಟಿಗೆಗೆ ಈಗ ಆಗೊಮ್ಮೆ ಈಗೊಮ್ಮೆ ಮೆಲ್ಲಗೆ ತಿರುಗಿಸುವುದಷ್ಟೇ ಕೆಲಸ. ಬ್ಯಾಟರಿ ಅರ್ಧವೂ ಇಳಿದಿರಲಿಲ್ಲ. ಅವರು ಕನ್ನಡಕ ಒರೆಸಿಕೊಂಡು, "ಸಮುದ್ರ ಪಶ್ಚಿಮಕ್ಕೆ ಬರುತ್ತೆ, ನಾನು ವಿಚಾರಿಸಿದೆ" ಎಂದರು.

ಸಂಕ್ರಾಂತಿ ಕಳೆದ ಮೇಲೆ, ಬಂದರಿನ ಅನುಮತಿ ಪತ್ರ ಹಿಡಿದುಕೊಂಡು ಮಂಗಳೂರಿಗೆ ಹೊರಟೆವು. ಶಿರಾಡಿ ಘಾಟಿಯ ತಿರುವುಗಳಲ್ಲಿ ನಿಂಗಕ್ಕ ವಾಂತಿ ಮಾಡಿಕೊಂಡು ಮೆತ್ತಗಾಗಿದ್ದಳು. ಸಮುದ್ರ ಕಂಡ ಕೂಡಲೆ ಎದ್ದು ಕೂತಳು. ಬಹಳ ಹೊತ್ತು ನೋಡಿ, "ಇಷ್ಟು ಅಗಲದ್ದು ಯಾಕ್ ಬೇಕಿತ್ತವ್ವ? ಮುಚ್ಚಾಕೆ ಯಾವ್ ಟಾರ್ಪಾಲೂ ಸಾಲಾಕಿಲ್ಲ" ಎಂದಳು. ಮೀನುಗಾರರ ದೋಣಿಯಲ್ಲಿ ದಡದಿಂದ ದೂರ ಹೋಗಿ ಹಾಯಿದೋಣಿಯನ್ನು ನೀರಿಗಿಳಿಸಿದೆವು. ನಿಂಗಕ್ಕ ಕೂದಲು ಕಿತ್ತು ನೋಡಿ ಸೂತ್ರವನ್ನು ಕೊನೆಯ ಸಲ ಅರ್ಧ ಬೆರಳು ಸರಿಸಿದಳು. ಈಶಾನ್ಯದ ಗಾಳಿ ಹದವಾಗಿತ್ತು. ಕಪ್ಪು ಹಾಯಿ ಸಣ್ಣದಾಗುತ್ತ ಹೋಯಿತು. ಅವಳ ಎರಡು ಬೆರಳು ನೂಲು ಹಿಡಿದವರ ಹಾಗೆ ಜೋಡಿಸಿಕೊಂಡಿದ್ದವು. ನೋಡುತ್ತಿದ್ದಂತೆ ಅವಳೇ ಬೆರಳು ಬಿಡಿಸಿ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಸಮುದ್ರ ಅಧ್ಯಯನ ಮಾಡುವ ಸಂಸ್ಥೆಯೊಂದು ನಮಗೆ ಸಣ್ಣ ಟ್ರಾನ್ಸ್‌ಮಿಟರ್ ಒಂದನ್ನು ಎರವಲು ಕೊಟ್ಟಿತ್ತು. ಅದಕ್ಕೆ ಅದರದೇ ಬ್ಯಾಟರಿ. ದಿನಕ್ಕೆ ಕೆಲವು ಸಲ ದೋಣಿ ಎಲ್ಲಿದೆ, ಪೆಟ್ಟಿಗೆ ಹೇಗಿದೆ ಎಂದು ಆಕಾಶದ ದಾರಿಯಲ್ಲಿ ಸುದ್ದಿ ಕಳಿಸುತ್ತಿತ್ತು. ನಾವು ವಿಭಾಗದ ಗೋಡೆಯ ನಕ್ಷೆಯ ಮೇಲೆ ಮಂಗಳೂರಿನಿಂದ ದ್ವೀಪಕ್ಕೆ ಗೆರೆ ಎಳೆದು, ಕೆಂಪು ಚುಕ್ಕೆ ಇಡುತ್ತಿದ್ದೆವು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ನಿಂಗಕ್ಕ ಬಸ್ ಸ್ಟ್ಯಾಂಡಿನ ಕಾಯಿನ್ ಬಾಕ್ಸಿನಿಂದ ಫೋನ್ ಮಾಡುತ್ತಿದ್ದಳು. ನಮಸ್ಕಾರ ಇಲ್ಲ, ಹಲೋ ಇಲ್ಲ. "ಎಲ್ಲದೆ?" ಎನ್ನುವಳು. ನಾನು ಹೇಳಿದ್ದನ್ನು ಕೇಳಿಸಿಕೊಂಡು ಪಕ್ಕದವರಿಗೆ ಹೇಳುವಳು. ಅವಳ ಹಿಂದೆ ಲಾರಿ ಡ್ರೈವರುಗಳು ಗುಂಪುಗೂಡಿ ನಿಂತಿರುವುದು ಗದ್ದಲದಿಂದಲೇ ಗೊತ್ತಾಗುತ್ತಿತ್ತು.

ಆರನೆಯ ದಿನ ಬೆಳಿಗ್ಗೆ ಬಂದ ಸುದ್ದಿಯಲ್ಲಿ ಪೆಟ್ಟಿಗೆಯ ಕಡೆಯ ಅಂಕಿಗಳೆಲ್ಲ ಸೊನ್ನೆ. ವಿದ್ಯುತ್ ಸೊನ್ನೆ, ಮೋಟಾರು ಸೊನ್ನೆ. ಶೈಲಜಾ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಎರಡು ವರ್ಷದ ಕೆಲಸ. ಇನ್ನು ದೋಣಿ ಸುತ್ತುತ್ತ ಸುತ್ತುತ್ತ ಎಲ್ಲೋ ಮುಳುಗುತ್ತದೆ, ಅಲ್ಲಿಗೆ ಮುಗಿಯಿತು ಎಂದು ನನಗೂ ಅನಿಸಿತು. ಹತ್ತು ಗಂಟೆಗೆ ಫೋನ್ ಬಂತು.

"ಎಲ್ಲದೆ?"

"ಪೆಟ್ಟಿಗೆ ಸತ್ತುಹೋಯ್ತು ನಿಂಗಕ್ಕ."

"ಅದ್ಯಂಗೆ ಸತ್ತದು?"

"ಗೊತ್ತಿಲ್ಲ. ಕಂಪ್ಯೂಟರು, ಮೋಟಾರು ಏನೂ ಕೆಲಸ ಮಾಡ್ತಿಲ್ಲ."

"ಪಟ?"

"ಪಟ ಇರಬೇಕು. ಹೇಗೆ ಹೇಳಲಿ?"

ಆ ಕಡೆ ಲಾರಿಯೊಂದರ ಹಾರ್ನ್ ಕೇಳಿಸಿತು. ಆಮೇಲೆ ಅವಳ ಮಾತು ಬಂತು, ಸ್ಪಷ್ಟವಾಗಿ, ದಬ್ಬಳ ಇಲ್ಲದ ಬಾಯಿಂದ.

"ಅಂಗಾದ್ರೆ ಈಗ ನೂಲು ಇಡ್ಕಂಡಿರೋರು ಯಾರೂ ಇಲ್ಲ."

"ಯಾರೂ ಇಲ್ಲ ನಿಂಗಕ್ಕ."

"ಸೂತ್ರ ಅದೆಯಲ್ಲ. ಅಳ್ಬ್ಯಾಡಿ ಸುಮ್ಕಿರಿ. ನೋಡಾನ." ಫೋನು ಕಟ್ಟಾಯಿತು.

ಮಧ್ಯಾಹ್ನದ ಚುಕ್ಕೆಯನ್ನು ಇಡಲು ನನ್ನ ಕೈ ಏಳಲಿಲ್ಲ. ಶೈಲಜಾಳೇ ಇಟ್ಟಳು. ಇಟ್ಟವಳು ಹಿಂದಕ್ಕೆ ಸರಿದು, ಸ್ಕೇಲು ತಂದು ಹಿಡಿದು ನೋಡಿದಳು. ಚುಕ್ಕೆ ಗೆರೆಯ ಮೇಲಿತ್ತು. ಸಂಜೆಯ ಚುಕ್ಕೆಯೂ ಗೆರೆಯ ಮೇಲೆ. ಮಾರನೆಯ ದಿನದ ನಾಲ್ಕೂ ಗೆರೆಯ ಮೇಲೆ. ಗಾಳಿ ದಿಕ್ಕು ಬದಲಿಸಲಿಲ್ಲ, ಚುಕ್ಕಾಣಿ ಸತ್ತ ಗಳಿಗೆಯಲ್ಲಿ ಎಲ್ಲಿತ್ತೋ ಅಲ್ಲೇ ಬಿಗಿದುಕೊಂಡಿತ್ತು, ಉಳಿದದ್ದನ್ನೆಲ್ಲ ಒಂದು ಗಂಟು ನೋಡಿಕೊಳ್ಳುತ್ತಿತ್ತು. ಸುದ್ದಿ ಕಾಲೇಜಿಗೆಲ್ಲ ಹಬ್ಬಿತು. ಕ್ಲಾಸು ಬಿಟ್ಟು ಹುಡುಗರು ಚುಕ್ಕೆ ನೋಡಲು ಬಂದು ನಿಲ್ಲುತ್ತಿದ್ದರು. ಅಡುಗೆಮನೆಯ ಭಟ್ಟರೂ ಬಂದರು. ಮುಖ್ಯಸ್ಥರು ಕುರ್ಚಿ ಎಳೆದುಕೊಂಡು ನಕ್ಷೆಯ ಮುಂದೆಯೇ ಕೂತು ಫೈಲು ನೋಡತೊಡಗಿದರು.

ಹತ್ತನೆಯ ದಿನ ದ್ವೀಪದ ಬಂದರಿನಿಂದ ಒಬ್ಬ ಗುಮಾಸ್ತರು ಫೋನ್ ಮಾಡಿದರು. ದ್ವೀಪದಿಂದ ಎರಡು ಮೈಲಿ ಆಚೆ ಮೀನುಗಾರರಿಗೆ ಸಿಕ್ಕಿದೆ, ಆ ಛತ್ರಿ ದೋಣಿ ನಿಮ್ಮದೇನಾ ಎಂದು ಕೇಳಿದರು. ಅದರ ಸೋಲಾರ್ ಹಲಗೆಯ ಮೇಲೆ ಕಡಲಹಕ್ಕಿಗಳು ಕೂತು ಕೂತು ಹಿಕ್ಕೆ ಹಾಕಿ ಸುಣ್ಣ ಬಳಿದ ಹಾಗೆ ಮಾಡಿದ್ದವಂತೆ. ಪೆಟ್ಟಿಗೆ ಬಿಸಿಲು ಕಾಣದೆ ಸತ್ತದ್ದು ಹೀಗೆ! ಶೈಲಜಾ ಮುಖ್ಯಸ್ಥರನ್ನು ತಬ್ಬಿಕೊಂಡುಬಿಟ್ಟಳು, ಆಮೇಲೆ ಗಾಬರಿಯಾಗಿ ಕ್ಷಮೆ ಕೇಳಿದಳು. ಅವರು ಅದನ್ನು ಕಿವಿಗೇ ಹಾಕಿಕೊಳ್ಳದೆ ಇಡೀ ಕಾಲೇಜಿಗೆ ಲಾಡು ತರಿಸಲು ಓಡಿದರು.

ನಾನು ಫೋನಿಗೆ ಕಾಯಲಿಲ್ಲ. ಹೊಳೆನರಸೀಪುರದ ಬಸ್ಸು ಹತ್ತಿ, ಬಸ್ ಸ್ಟ್ಯಾಂಡಿನಿಂದ ಓಡಿಕೊಂಡೇ ಅಂಗಡಿಗೆ ಹೋದೆ. ನಿಂಗಕ್ಕ ನನ್ನ ಮುಖ ನೋಡಿದಳು. ಕೇಳುವುದೇನೂ ಉಳಿದಿರಲಿಲ್ಲ. ಎದ್ದು ರಸ್ತೆಗೆ ಬಂದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು: "ಲೇ, ಬನ್ರಲಾ! ದಾಟ್ಬುಡ್ತು ಕಣ್ರಲಾ, ನನ್ ಪಟ ಸಮುದ್ರ ದಾಟ್ಬುಡ್ತು!" ಡ್ರೈವರುಗಳು ಸಾಲಾಗಿ ನಿಂತ ಲಾರಿಗಳಿಗೆ ಹತ್ತಿ ಒಟ್ಟಿಗೆ ಹಾರ್ನ್ ಹೊಡೆದರು. ಪೊಲೀಸಿನವರು ಓಡಿ ಬಂದು, ವಿಷಯ ತಿಳಿದು, ಅವರೂ ನಗುತ್ತ ನಿಂತರು. ದೇವಸ್ಥಾನದ ಬೀದಿಯಿಂದ ನಮ್ಮಪ್ಪ ಕೋಲೂರಿಕೊಂಡು ಬಂದಿದ್ದರು. ಅಷ್ಟು ಜನರ ನಡುವೆ ಯಾರೋ ಹೊಸಬ, "ಯಾರಣ್ಣ ಈಯಮ್ಮ?" ಎಂದು ಕೇಳಿದ. ಒಬ್ಬ ಡ್ರೈವರು, "ಗೊತ್ತಿಲ್ವೇನ್ಲಾ? ಸಮುದ್ರಕ್ಕೆ ಸೂತ್ರ ಕಟ್ಟಿದ್ ನಿಂಗಮ್ಮ ಕಣ್ಲಾ" ಎಂದ.

ನಿಂಗಕ್ಕ ಈಗ ಇಲ್ಲ. ಆ ವರ್ಷದ ಆಷಾಢಕ್ಕೆ ಮುಂಚೆಯೇ, ಮಧ್ಯಾಹ್ನ ಊಟ ಮಾಡಿ ಟಾರ್ಪಾಲಿನ ಮೇಲೆ ಮಲಗಿದವಳು ಏಳಲಿಲ್ಲ. ಅಂಗಡಿಯಲ್ಲಿ ಈಗ ಮೊಬೈಲ್ ಫೋನು ಮಾರುತ್ತಾರೆ. ಆ ಕಪ್ಪು ಹಾಯಿಯನ್ನು ನಮ್ಮ ವಿಭಾಗದ ಬಾಗಿಲ ಮೇಲೆ ಗಾಜು ಹಾಕಿಸದೆ ಹಾಗೆಯೇ ತೂಗುಹಾಕಿದ್ದೇವೆ. ಶೈಲಜಾ ಈಗ ನನ್ನ ಪಕ್ಕದ ಮೇಜಿನ ಲೆಕ್ಚರರ್. ಹೊಸ ಹುಡುಗರಿಗೆ ಸೂತ್ರ ಎಂದರೆ ಎರಡು ಅರ್ಥವೆಂದು ಮೊದಲ ದಿನವೇ ಹೇಳಿಬಿಡುತ್ತಾಳೆ.

ನಾನು ನಿಂಗಕ್ಕನನ್ನು ಕೊನೆಯ ಸಲ ನೋಡಿದ್ದು ದ್ವೀಪದಿಂದ ಹಡಗಿನಲ್ಲಿ ವಾಪಸು ಬಂದ ಹಾಯಿಯನ್ನು ಅವಳ ಅಂಗಡಿಗೆ ಒಯ್ದ ದಿನ. ಅವಳು ಮೊದಲು ಹೆಸರಿನ ವಿಷಯ ಎತ್ತಲಿಲ್ಲ. ಸೂತ್ರದ ಗಂಟನ್ನು ಹುಡುಕಿ, ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಉಪ್ಪು ಹಿಡಿದು ಕಲ್ಲಾಗಿತ್ತು. ಒಂದು ಎಳೆಯೂ ಜಾರಿರಲಿಲ್ಲ. "ಹ್ಞೂಂ" ಎಂದಳು, ಅಷ್ಟೆ. ಆಮೇಲೆ ದಬ್ಬಳಕ್ಕೆ ಕೆಂಪು ದಾರ ಪೋಣಿಸಿ, ಹಾಯಿಯನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿಯಲು ಕೂತಳು. ಒಂದೊಂದು ಅಕ್ಷರವೂ ಗೇಣುದ್ದ. ನಾನು ಎದುರಿಗೆ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ನಿ. ಗ. ಮ್ಮ.

ಸೊನ್ನೆ ಇರಲಿಲ್ಲ. ಸಮುದ್ರ ದಾಟಿದವಳು ತನ್ನ ಹೆಸರನ್ನು ಹೇಗೆ ಬೇಕಾದರೂ ಬರೆದುಕೊಳ್ಳಲಿ ಎಂದುಕೊಂಡೆ. ಅವಳು ಹಾಯಿಯನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು.

"ಇರವ್ವ," ಎಂದಳು. "ಮೇಷ್ಟ್ರು ಏಳಿದ್ ಸೊನ್ನೆ ಬುಟ್ಟೋಗದೆ. ಅದ್ನೂ ಆಕ್ಬುಡ್ತೀನಿ. ಈಗ ನನ್ನೆಸ್ರ ಓದಾಕೆ ಜನ ಅವ್ರೆ."

ನಿ ಮತ್ತು ಗ ನಡುವೆ ದಬ್ಬಳ ಇಳಿಸಿ, ದಾರವನ್ನು ಮೂರು ಸುತ್ತು ಸುತ್ತಿ, ಗಾಳಿಪಟದ ಎದೆಗೆ ಹಾಕುವ ಅದೇ ಗಂಟನ್ನು ಹಾಕಿ ಬಿಗಿದಳು. ಆಮೇಲೆ ಬಗ್ಗಿ, ಹಲ್ಲಿನಿಂದ ದಾರ ಕಡಿದಳು.